ದೊಡ್ಡ ಎಸ್ಸೋ, ಸಣ್ಣ ಎಸ್ಸೋ?

ಆ್ಯಪ್ ಮತ್ತು ಜಾಲತಾಣಗಳ ಪರದೆ ರೂಪಿಸುವವರಿಗೆ ಒಂದು ಬಹಿರಂಗ ಪತ್ರ



ಬೆಳೆವಿಮೆಯಿಂದ ಹಿಡಿದು ಮಕ್ಕಳ ವಿದ್ಯಾರ್ಥಿವೇತನದವರೆಗೆ ಕಲಘಟಗಿ ತಾಲ್ಲೂಕಿನ ನಮ್ಮ ತಂಬೂರಿನ ಕಡೆಯ ಅರ್ಜಿಗಳೆಲ್ಲ ಈಗ ಪರದೆಯ ಮೇಲೆಯೇ. ತುಂಬಲು ಕೂತವರ ಬಾಯಲ್ಲಿ ಬರುವ ಪ್ರಶ್ನೆ ಒಂದೇ: "ಸರ್ರ, ಇದು ದೊಡ್ಡ ಎಸ್ಸೋ, ಸಣ್ಣ ಎಸ್ಸೋ?"

ಕ್ಯಾಪ್ಚಾ ಕೇಳಿಸುವ ಪ್ರಶ್ನೆ ಅದು. ಸಿ, ಓ, ಎಸ್, ವಿ, ಡಬ್ಲ್ಯು, ಎಕ್ಸ್, ಝಡ್ ಅಕ್ಷರಗಳಿಗೆ ದೊಡ್ಡದು ಸಣ್ಣದು ಎಂಬುದು ಬರೀ ಗಾತ್ರದ ಮಾತು, ಆಕಾರ ಎರಡಕ್ಕೂ ಒಂದೇ. ಅವನ್ನು ಸೊಟ್ಟ ಮಾಡಿ, ಮೇಲೆ ಗೀಟು ಎಳೆದ ಮೇಲೆ ಗಾತ್ರವಾದರೂ ತಿಳಿಯುವುದು ಹೇಗೆ? ದೊಡ್ಡ ಐ ಮತ್ತು ಸಣ್ಣ ಎಲ್ ಎಷ್ಟೋ ಫಾಂಟುಗಳಲ್ಲಿ ಒಂದೇ ಕಡ್ಡಿ. ಕನ್ನಡದಲ್ಲಿ ಓದು ಕಲಿತವರ ಅಕ್ಷರಮಾಲೆಯಲ್ಲಿ ಈ ಭೇದವೇ ಇಲ್ಲ. ನಲವತ್ತು ದಾಟಿದ ರೈತರು ಸರ್ಕಾರಿ ಕನ್ನಡ ಶಾಲೆಯಲ್ಲಿ ಎಬಿಸಿಡಿ ಕಂಡದ್ದು ಐದನೇ ತರಗತಿಯಲ್ಲಿ. ಅವರು ಎಸ್ ಗುರುತಿಸಿದರೆ ಸಾಕು. ದೊಡ್ಡದೋ ಸಣ್ಣದೋ ಎಂಬ ಕಾರಣಕ್ಕೆ ಅರ್ಜಿ ತಿರುಗಿ ಬರಬಾರದು. ಭದ್ರತೆ ಸಾಲದು ಎನಿಸಿದರೆ ಒಂದೆರಡು ಅಕ್ಷರ ಹೆಚ್ಚು ಕೊಡಿ.

"ಕ್ಯಾಪಿಟಲ್ ಅಕ್ಷರಗಳಲ್ಲೇ ತುಂಬಿರಿ" ಎಂಬ ಸೂಚನೆ ಕಾಗದದ ಫಾರ್ಮುಗಳದು. ಒಬ್ಬೊಬ್ಬರ ಕೈಬರಹ ಒಂದೊಂದು ಥರ, ಬಿಡಿಸಿ ಓದಲು ಅದು ಬೇಕಿತ್ತು. ಕಂಪ್ಯೂಟರಿನಲ್ಲಿ ಆ ಕಷ್ಟ ಎಲ್ಲಿದೆ? ಅದರೊಳಗೆ ದೊಡ್ಡ ಎ ಎಂದರೆ 65, ಸಣ್ಣ ಎ ಎಂದರೆ 97. ಝಡ್‌ವರೆಗೂ ಪ್ರತಿ ಜೋಡಿಗೆ 32ರ ಅಂತರ. ಒಂದು ಕಳೆಯುವ ಲೆಕ್ಕ ಮಾಡಿ ಯಂತ್ರವೇ ಅಕ್ಷರವನ್ನು ದೊಡ್ಡದು ಮಾಡಿಕೊಳ್ಳಬಲ್ಲದು. ಪ್ಯಾನ್ ಸಂಖ್ಯೆಯನ್ನು ಸಣ್ಣ ಅಕ್ಷರದಲ್ಲಿ ಹೊಡೆದವರಿಗೆ ಕೆಂಪು ಬಣ್ಣದಲ್ಲಿ "ತಪ್ಪು" ಎಂದು ತೋರಿಸುವುದು ಅನ್ಯಾಯ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡಿನ ಹನ್ನೊಂದು ಅಕ್ಷರಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆಯೇ. ಅಲ್ಲಿ ಓ ಒತ್ತಿದವರನ್ನೂ ನೀವೇ ತಿದ್ದಬಹುದು.

ಪಾಸ್‌ವರ್ಡಿಗೆ ಮಾತ್ರ ಈ ಭೇದ ಬೇಕು, ಒಪ್ಪುತ್ತೇನೆ. ಆದರೆ ಹೊಡೆದದ್ದನ್ನು ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಲು ಬಿಡಿ. ಬಳಕೆದಾರರ ಹೆಸರಿನ ಮೊದಲ ಅಕ್ಷರವನ್ನು ಮೊಬೈಲು ತಾನಾಗಿ ದೊಡ್ಡದು ಮಾಡದಂತೆ ತಡೆಯಿರಿ.

ಇನ್ನು ಗುಂಡಿ, ಪಟ್ಟಿಗಳ ಮೇಲಿನ ಇಂಗ್ಲಿಷ್. ನಿಮ್ಮೊಳಗೇ ಒಮ್ಮತವಿಲ್ಲ. ಆ್ಯಪಲ್ ತನ್ನ ಮೆನುಗಳಲ್ಲಿ ಮುಖ್ಯ ಪದಗಳನ್ನೆಲ್ಲ ದೊಡ್ಡ ಅಕ್ಷರದಿಂದ ಶುರುಮಾಡುತ್ತದೆ. ಮೈಕ್ರೋಸಾಫ್ಟ್ ವಾಕ್ಯದ ಹಾಗೆ ಮೊದಲ ಪದಕ್ಕೆ ಮಾತ್ರ ಎನ್ನುತ್ತದೆ. 2014ರ ಆಂಡ್ರಾಯ್ಡ್ 5ರಲ್ಲಿ ಗುಂಡಿಗಳೆಲ್ಲ ಪೂರ್ತಿ ದೊಡ್ಡಕ್ಷರವಾದವು. ಗೂಗಲ್ 2021ರ ವಿನ್ಯಾಸದಲ್ಲಿ ಅದನ್ನು ಬಿಟ್ಟು ವಾಕ್ಯದ ರೀತಿಗೆ ಬಂತು. ನನ್ನ ಮಟ್ಟಿಗೆ ಅದೇ ಸರಿಯಾದ ದಾರಿ. ವಾಕ್ಯದ ಆರಂಭಕ್ಕೆ ಮತ್ತು ಹೆಸರುಗಳಿಗೆ ದೊಡ್ಡ ಅಕ್ಷರ ಎಂದು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ಪ್ರತಿ ಪದವೂ ಹಾಗೆ ಶುರುವಾದರೆ ಯಾವುದು ಊರಿನ ಹೆಸರು, ಯಾವುದು ಬರೀ ಸೂಚನೆ ಎಂದು ಅವರು ತಡವರಿಸುತ್ತಾರೆ. ಒಂದೇ ಗುಂಡಿ ಈ ಪುಟದಲ್ಲಿ ಒಂದು ರೀತಿ, ಮುಂದಿನ ಪುಟದಲ್ಲಿ ಇನ್ನೊಂದು ರೀತಿ ಕಂಡರಂತೂ ಎರಡೂ ಬೇರೆ ಬೇರೆ ಕೆಲಸದವು ಎಂದೇ ತಿಳಿಯುತ್ತಾರೆ.

ಕನ್ನಡ ಪರದೆಯ ಸಂಗತಿ ಇನ್ನೂ ಬೇರೆ. ಅಕ್ಷರ ದೊಡ್ಡದಾಗಿಸುವ ನಿಮ್ಮ ಆದೇಶ ಕನ್ನಡದ ಮೇಲೆ ನಡೆಯುವುದೇ ಇಲ್ಲ, ಹಾಗಾಗಿ ಇಂಗ್ಲಿಷಿನಲ್ಲಿ ಎದ್ದು ಕಾಣುವ ಶೀರ್ಷಿಕೆ ಇಲ್ಲಿ ಮಾಮೂಲಿ ಸಾಲಾಗಿ ಉಳಿಯುತ್ತದೆ. ಅದಕ್ಕೆ ದಪ್ಪ ಅಕ್ಷರ ಕೊಡಿ, ಬಣ್ಣ ಕೊಡಿ. ದೊಡ್ಡಕ್ಷರಗಳಿಗೆಂದು ಅಳತೆ ಮಾಡಿದ ಗುಂಡಿಯಲ್ಲಿ ನಮ್ಮ ಒತ್ತಕ್ಷರಕ್ಕೆ ಕೆಳಗೆ ಜಾಗ ಸಿಗದು; "ಅಪ್ಪ"ನ ಪಾದವೇ ಕತ್ತರಿಸಿಹೋಗುತ್ತದೆ. ಭೂಮಿ ಯೋಜನೆಯಲ್ಲಿ ನಮ್ಮ ಜಮೀನಿನ ಉತಾರ ಕಂಪ್ಯೂಟರಿನಿಂದ ಕನ್ನಡದಲ್ಲೇ ಬಂದು ಇಪ್ಪತ್ತು ವರ್ಷ ದಾಟಿತು. ದೊಡ್ಡಕ್ಷರದ ಹಂಗಿಲ್ಲದೆ ಕಾಲಮ್ಮು, ಗೆರೆಗಳಿಂದಲೇ ಅದರಲ್ಲಿ ಎಲ್ಲವೂ ಬೇರೆಬೇರೆಯಾಗಿ ಕಾಣುತ್ತದೆ.

ಮುಂದಿನ ಸಲ ಪರದೆ ಸಿದ್ಧವಾದಾಗ ಜನರ ಕೈಗೆ ಕೊಡುವ ಮುನ್ನ ಕನ್ನಡ ಶಾಲೆಯಲ್ಲಿ ಓದಿದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಅರ್ಜಿ ತುಂಬಿಸಿ ನೋಡಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ತಿದ್ದಿ.

ಇಂತಿ,
ತಂಬೂರಿನ ಒಬ್ಬ ಓದುಗ