ಅಪ್ ಎಂಬ ಅಧಿಕಪ್ರಸಂಗಿ

ಲ್ಯಾಟಿನ್ ಕುಲದಿಂದ ಇಳಿದು ಬಂದು ಆಂಗ್ಲಭಾಷೆಯಲ್ಲಿ ಬಿಡಾರ ಹೂಡಿರುವ ದೀರ್ಘದೇಹದ ಪದಗಳಿಗೆ ನಾನೆಂದೂ ಬೆದರಿದವನಲ್ಲ. ಅವು ಎಷ್ಟೇ ಗಂಭೀರವದನದಿಂದ ಎದುರು ನಿಂತರೂ, ನಿಘಂಟನ್ನು ತೆರೆದೊಡನೆ ತಮ್ಮ ಗೋತ್ರಪ್ರವರಗಳನ್ನು ಒಪ್ಪಿಸಿ, ಹೇಳಿದ ಅರ್ಥಕ್ಕೆ ಬದ್ಧವಾಗಿ, ಸಂಭಾವಿತರಂತೆ ನಡೆದುಕೊಳ್ಳುತ್ತವೆ. ನನ್ನ ಭಯವೆಲ್ಲವೂ ಗೆಟ್, ಪುಟ್, ಗೋ, ಟೇಕ್ ಎಂಬ, ಪ್ರಾಥಮಿಕ ಶಾಲೆಯ ಬಾಲಕನೂ ಬಲ್ಲ ಬಡ ಕ್ರಿಯಾಪದಗಳದು. ಅದರಲ್ಲಿಯೂ ಅವುಗಳ ಬೆನ್ನಿಗೆ ಅಪ್, ಆಫ್, ಔಟ್ ಮೊದಲಾದ ಅಂಗುಷ್ಠಮಾತ್ರದ ಅವ್ಯಯಗಳು ಬಂದು ನಿಂತವೆಂದರೆ ಮುಗಿಯಿತು. ದೊಡ್ಡ ಸಾಹೇಬರ ಕೊಠಡಿಯ ಮುಂದೆ ಮುಕ್ಕಾಲಿಯ ಮೇಲೆ ಕುಳಿತ ಜವಾನನಂತೆ, ಹೇಳಿಕೊಳ್ಳುವ ಹುದ್ದೆಯೇನೂ ಇಲ್ಲದಿದ್ದರೂ, ಒಳಗಿನ ವ್ಯವಹಾರ ಯಾವ ಕಡೆಗೆ ತಿರುಗಬೇಕೆಂಬುದನ್ನು ನಿರ್ಧರಿಸುವವು ಈ ಅವ್ಯಯಗಳೇ.

ಪುಟ್ ಎಂದರೆ ಇಡು; ಇದರಲ್ಲಿ ವಿವಾದವಿಲ್ಲ. ಆದರೆ ಪುಟ್ ಆಫ್ ಎಂದರೆ ಮುಂದೂಡು, ಪುಟ್ ಔಟ್ ಎಂದರೆ ದೀಪವನ್ನಾರಿಸು, ಪುಟ್ ಆನ್ ಎಂದರೆ ಅಂಗಿಯನ್ನು ತೊಡು, ಪುಟ್ ಡೌನ್ ಎಂದರೆ ದಂಗೆಯನ್ನಡಗಿಸು. ಪುಟ್ ಅಪ್ ಎಂಬುದೊಂದನ್ನು ಮಾತ್ರ ನಮ್ಮ ಸರಕಾರಿ ಕಚೇರಿಗಳು ಸಾರ್ಥಕಗೊಳಿಸಿವೆ. "ಫೈಲು ಪುಟಪ್ ಮಾಡಿದೀನಿ ಸಾರ್" ಎಂದು ಗುಮಾಸ್ತನು ವಿನಯದಿಂದ ಬಿನ್ನವಿಸುವಾಗ, ಕಡತವು ನಿಜವಾಗಿಯೂ ಮೇಲಿನ ಮೇಜಿಗೆ ಏರಿರುತ್ತದೆ. ಅದು ಅಲ್ಲಿಂದ ಕೆಳಗಿಳಿಯುವ ತನಕ, ಪುಟ್ ಅಪ್ ವಿತ್, ಅರ್ಥಾತ್ ಸಹಿಸಿಕೊ, ಎಂಬ ಮೂರು ಪದಗಳ ಪಾಠವನ್ನು ಅರ್ಜಿದಾರನು ಹೊರಗಿನ ಬೆಂಚಿನ ಮೇಲೆ ಕುಳಿತು ಅಭ್ಯಸಿಸುತ್ತಿರುತ್ತಾನೆ. ಇನ್ನು ಸ್ಥಾನನಿರ್ದೇಶದ ತೊಡಕು ಬೇರೆ. ಮದುವೆಯನ್ನು ಮುಂದೂಡುವಾಗ, ವೆಡ್ಡಿಂಗ್ ಎಂಬುದನ್ನು ಆಫ್‌ನ ಆಚೆಗೆ ಇಟ್ಟರೂ ಸರಿ, ಈಚೆಗೆ ಇಟ್ಟರೂ ಸರಿ. ಆದರೆ ಮದುವೆಗೆ ಬದಲಾಗಿ ಇಟ್ ಎಂಬ ಸರ್ವನಾಮ ಬಂದಿತೋ, ಅದು ಪುಟ್, ಆಫ್ ಎರಡರ ನಡುವೆಯೇ ಕೂರತಕ್ಕದ್ದು. ಏಕೆಂದು ಕೇಳಿದರೆ ರೂಢಿಯೆನ್ನುತ್ತಾರೆ.

ಅಲಾರಂ ಗಡಿಯಾರ, ವಿದ್ಯುದ್ದೀಪ, ಹಾಲು, ಮನೆಯ ಯಜಮಾನ, ಈ ನಾಲ್ವರೂ ಒಂದೇ ಮುಂಜಾನೆ ವೆಂಟ್ ಆಫ್ ಎಂದು ಇಂಗ್ಲಿಷಿನವನು ಬರೆದನೆಂದರೆ, ಮೊದಲನೆಯದು ಬಡಿದುಕೊಂಡಿತು, ಎರಡನೆಯದು ಆರಿತು, ಮೂರನೆಯದು ಕೆಟ್ಟಿತು, ನಾಲ್ಕನೆಯವನು ಹೊರಟುಹೋದನು ಎಂದು ನಾವು ತಿಳಿಯಬೇಕು. ಇಷ್ಟೂ ಅನಾಹುತಗಳಿಗೆ ಆ ಜನ ಒಂದೇ ಮಾತನ್ನು ಸಾಕೆಂದುಕೊಂಡ ಮಿತವ್ಯಯವನ್ನು ಮೆಚ್ಚಲೂಬೇಕು.

ನಮ್ಮ ಸಂಕಟ ಅವರಿಗೆ ತಿಳಿಯದುದೇನಲ್ಲ. 1755ರಲ್ಲಿ ತನ್ನ ಮಹಾನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ನನು, ಈ ಜೋಡಣೆಯಿಂದ ಪರದೇಶೀಯರಿಗೆ ಒದಗುವ ಕಷ್ಟ ಅತಿಶಯವಾದುದೆಂದು ಪೀಠಿಕೆಯಲ್ಲಿಯೇ ಹೇಳಿದ್ದಾನೆ. 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಎಂಬಾತನು, ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬನಾದ ಹೆನ್ರಿ ಬ್ರಾಡ್ಲಿಯ ಸೂಚನೆಯಂತೆ, ಇವನ್ನು ಫ್ರೇಸಲ್ ವರ್ಬ್ ಎಂದು ಕರೆದನು. ಅದರಿಂದ ಕಷ್ಟವೇನೂ ಇಳಿಯಲಿಲ್ಲ, ಪರೀಕ್ಷೆಯಲ್ಲಿ ಕೇಳಲು ಪ್ರಶ್ನೆಯೊಂದು ಹೆಚ್ಚಿತು. ಇದರ ಮೇಲೆ, 1930ರಲ್ಲಿ ಸಿ.ಕೆ. ಆಗ್ಡೆನ್ ಎಂಬ ಮಹಾನುಭಾವನು ಲೋಕಕ್ಕೆಲ್ಲ ಸುಲಭವಾಗಲೆಂದು 850 ಪದಗಳ ಬೇಸಿಕ್ ಇಂಗ್ಲಿಷನ್ನು ರಚಿಸಿ, ಅದರಲ್ಲಿ 18 ಕ್ರಿಯಾಪದಗಳನ್ನಷ್ಟೇ ಉಳಿಸಿ, ಮಿಕ್ಕವುಗಳ ಹೊರೆಯನ್ನೆಲ್ಲ ಗೆಟ್, ಪುಟ್, ಗೋಗಳ ಮೇಲೂ ಅವುಗಳ ಅವ್ಯಯಗಳ ಮೇಲೂ ಹೇರಿದನು. ನಾವು ಯಾವುದಕ್ಕೆ ಹೆದರಿ ಓಡುತ್ತಿದ್ದೆವೋ, ಸೌಲಭ್ಯದ ಹೆಸರಿನಲ್ಲಿ ಅದನ್ನೇ ಎದುರಿಗೆ ತಂದು ನಿಲ್ಲಿಸಿದ ಪರೋಪಕಾರ ಇದು!

ಎಲ್ಲರಿಗಿಂತಲೂ ಅಧಿಕಪ್ರಸಂಗಿಯೆಂದರೆ ಅಪ್. ಈಟ್ ಅಪ್, ಡ್ರಿಂಕ್ ಅಪ್, ಟೇರ್ ಅಪ್ ಎಂಬಲ್ಲಿ ಯಾವುದೂ ಮೇಲೇಳುವುದಿಲ್ಲ. ಕಾಗದ ಬರ್ನ್ಸ್ ಅಪ್, ಮನೆ ಬರ್ನ್ಸ್ ಡೌನ್, ಉಳಿಯುವುದು ಎರಡು ಕಡೆಯೂ ಬೂದಿಯೇ. ಕೋಪ್ ಎಂಬುದೊಂದನ್ನು ಅವರು ಅಪ್ ಇಲ್ಲದೆ ಬಿಟ್ಟಿದ್ದರು. ನಮ್ಮವರ ದಯಾರ್ದ್ರ ಹೃದಯ ಅದನ್ನು ನೋಡಲಾರದೆ ಕೋಪ್ ಅಪ್ ಎಂದು ತುಂಬಿಕೊಟ್ಟಿತು. ಮಗನು ಇಂಜಿನಿಯರಿಂಗ್ ಕಾಲೇಜಿನಿಂದ ಪಾಸೌಟ್ ಆದನೆಂದು ತಂದೆಯೊಬ್ಬನು ಅಮೆರಿಕನ್ ಮಿತ್ರನಿಗೆ ಬರೆದರೆ, ಹುಡುಗನಿಗೆ ಪ್ರಜ್ಞೆ ಮರಳಿತೇ ಎಂದು ಅವನು ವಿಚಾರಿಸಿಯಾನು. ನಾಲ್ಕು ವರ್ಷ ಶುಲ್ಕ ಕಟ್ಟಿ ಪ್ರಜ್ಞೆ ತಪ್ಪಿರುವವನು ತಂದೆಯೆಂಬುದು ಅವನಿಗೆ ತಿಳಿಯದು.

ಇಷ್ಟೆಲ್ಲ ಹಳಿಯುವ ನಮಗೆ, ಆಹಾರ, ವಿಹಾರ, ಸಂಹಾರಗಳ ಅಂತರವೆಲ್ಲ ಉಪಸರ್ಗದ ಮಹಿಮೆಯೆಂದು ಸಂಸ್ಕೃತ ಪಂಡಿತರು ಬಾಲ್ಯದಲ್ಲಿಯೇ ಕಂಠಪಾಠ ಮಾಡಿಸಿದ್ದರು; ವೇದಭಾಷೆಯಲ್ಲಾದರೋ ಆ ಉಪಸರ್ಗಗಳೂ ಧಾತುವನ್ನಗಲಿ ದೂರ ನಿಲ್ಲುವುದುಂಟು. ಕನ್ನಡವೇನೂ ನಿರಪರಾಧಿಯಲ್ಲವೆಂಬುದು ಮಾತ್ರ, ಅಮೆರಿಕದಲ್ಲಿ ಹುಟ್ಟಿ ಬೆಳೆದ ತಂಗಿಯ ಮೊಮ್ಮಗಳು ಊರಿಗೆ ಬಂದ ಬೇಸಗೆಯಲ್ಲಿ ನನಗೆ ಮನದಟ್ಟಾಯಿತು. ತೊಟ್ಟಿಲ ಕೂಸನ್ನು ನೋಡಿಕೊ ಎಂದು ಹೇಳಿ ತಂಗಿ ಅಡುಗೆಮನೆಗೆ ಹೋದರೆ, ಕೂಸು ಕಿರಿಚುತ್ತಿದ್ದರೂ ಈಕೆ ಎವೆಯಿಕ್ಕದೆ ನೋಡುತ್ತ ಕುಳಿತಿದ್ದಳು. "ನೋಡ್ತಾನೇ ಇದೀನಲ್ಲ ಅಜ್ಜಿ!" ಎಂಬ ಅವಳ ಸಮಾಧಾನದಲ್ಲಿ ವ್ಯಾಕರಣದೋಷ ಕಾಣಲಿಲ್ಲ.

ಆ ಸಂಜೆ ಬೀದಿಯ ಕಡೆ ಇಣುಕಿದ ತಂಗಿ, "ಅಯ್ಯೋ, ನೆಂಟರು ಬಂದುಬಿಟ್ರು!" ಎಂದಳು.

"ಬಂದು ಏನು ಬಿಟ್ರು ಅಜ್ಜಿ?"

"ಚಪ್ಪಲಿ ಬಿಟ್ರು ಕಣೇ" ಎನ್ನುತ್ತ ತಂಗಿ ಸೆರಗು ಸರಿಪಡಿಸಿಕೊಂಡು ನಡೆದಳು. ಹುಡುಗಿ ಬಾಗಿಲಿಗೆ ಹೋಗಿ, ಹೊಸ್ತಿಲಾಚೆ ನಾಲ್ಕು ಜೊತೆಗಳನ್ನು ಎಣಿಸಿ, ಸೂತ್ರ ಸರಿಯಾಗಿದೆಯೆಂದು ತಲೆದೂಗುತ್ತ ಒಳಗೆ ಬಂದಳು.