ಇದೇ ರಸ್ತೆ, ಸ್ವಲ್ಪ ಮುಂದೆ

ಮನೆ ಕೊಳ್ಳುತ್ತೇನೆಂದು ಬಾಯಿಬಿಟ್ಟರೆ ಸಾಕು, ಬೆಂಗಳೂರಿನಲ್ಲಿ ಬ್ರೋಕರಿಗಿಂತ ಮೊದಲು ‘ಅವತ್ತೇ ತಗೋಬೇಕಿತ್ತು’ ಎನ್ನುವ ನೆಂಟರು ಬಂದು ಸೋಫಾ ಹಿಡಿಯುತ್ತಾರೆ. ನಮ್ಮ ಚಿಕ್ಕಪ್ಪ ಈ ಪಂಗಡದ ಅಧ್ಯಕ್ಷರು. ಇಂದಿರಾನಗರದಲ್ಲಿ ಬಿಡಿಎ ಸೈಟು ಕೊಡುತ್ತಿದ್ದಾಗ ‘ಅಲ್ಲಿಗೆ ಯಾರು ಹೋಗ್ತಾರೆ, ಸಂಜೆಯಾದರೆ ನರಿ ಕೂಗುತ್ತೆ’ ಎಂದು ಅರ್ಜಿಯನ್ನೇ ಹಾಕದವರು. ಈಗ ಆ ನರಿಯನ್ನು ನಾನೇ ಸಾಕಿದ್ದೆನೇನೋ ಎಂಬಂತೆ ನನ್ನನ್ನು ಬೈಯುತ್ತಾರೆ. ‘ಚಿಕ್ಕಪ್ಪಾ, ಆಗ ನಾನು ಎರಡರ ಮಗ್ಗಿ ಒಪ್ಪಿಸ್ತಿದ್ದೆ’ ಎಂದರೆ, ‘ಹೋಗಲಿ, ಮೆಟ್ರೊ ಬಂದಾಗಲಾದರೂ ಎಚ್ಚರ ಆಗಬೇಕಿತ್ತು’ ಎನ್ನುತ್ತಾರೆ. ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮೊದಲ ಮೆಟ್ರೊ ಓಡಿದ್ದು 2011ರ ಅಕ್ಟೋಬರ್ 20ರಂದು. ಆಗ ನಾನು ಮಾಡಿದ್ದೆಂದರೆ ಟಿಕೆಟ್ ಕೊಂಡು ಆ ತುದಿಗೆ ಹೋಗಿ, ಚೆನ್ನಾಗಿದೆ ಎಂದು ಈ ತುದಿಗೆ ವಾಪಸು ಬಂದದ್ದು.

ನಾವು ಜೋಗುಪಾಳ್ಯದ ಬಾಡಿಗೆದಾರರು. ಒಂದು ಕಡೆ ಹಲಸೂರು, ಇನ್ನೊಂದು ಕಡೆ ಇಂದಿರಾನಗರ, ನಡುವೆ ನಾವು. ಈ ಇಕ್ಕಟ್ಟಿನಿಂದ ನಮ್ಮ ವಿಳಾಸಕ್ಕೆ ಒಂದು ವಿಶೇಷ ಸೌಲಭ್ಯ ಒದಗಿದೆ. ಆಟೊದವರಿಗೆ ‘ಹಲಸೂರು’ ಎನ್ನುತ್ತೇವೆ. ಆಫೀಸಿನಲ್ಲಿ ‘ಇಂದಿರಾನಗರದ ಹತ್ತಿರ’ ಎನ್ನುತ್ತೇವೆ. ಬಾಡಿಗೆ ಏರಿಸಲು ಓನರ್ ಬಂದಾಗ ಮಾತ್ರ ‘ಏನಿದ್ರೂ ಇದು ಪಾಳ್ಯ ತಾನೇ ಸಾರ್’ ಎಂದು ನಾನು, ‘ನೂರಡಿ ರಸ್ತೆಗೆ ಐದು ನಿಮಿಷ ರೀ’ ಎಂದು ಅವರು. ಪ್ರತಿ ವರ್ಷ ಅವರೇ ಗೆಲ್ಲುತ್ತಾರೆ. ಹಾಗೆ ಸೋತು ಸೋತು, ಒಂದು ದಿನ ನನ್ನ ಹೆಂಡತಿ ‘ಇನ್ನು ಸ್ವಂತದ್ದೇ ನೋಡೋಣ, ಆದರೆ ಇಲ್ಲೇ’ ಎಂದಳು.

ಆ ‘ಇಲ್ಲೇ’ ಎಂಬುದರ ಬೆಲೆ ಗೊತ್ತಾದದ್ದು ಬ್ಯಾಂಕಿನಲ್ಲಿ. ಸಾಲ 75 ಲಕ್ಷ ದಾಟಿತೆಂದರೆ ಮನೆ ಬೆಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಕೊಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ಕಟ್ಟಳೆ. ಉಳಿದ ಕಾಲು ಪಾಲು ನಮ್ಮ ಕೈಯಿಂದ. ಅದರ ಮೇಲೆ ಶೇ 5 ಸ್ಟ್ಯಾಂಪ್ ಡ್ಯೂಟಿ, ಆ ಡ್ಯೂಟಿಯ ಮೇಲೆ ಸೆಸ್ಸು, ಸರ್‌ಚಾರ್ಜು. ನಾವು ‘ನೋಡೋಣ, ನೋಡೋಣ’ ಎನ್ನುತ್ತಿರುವಾಗಲೇ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿತು. ಇದನ್ನು ಏರಿಸಿದ್ದು ಸರಕಾರವೆಂದು ಪತ್ರಿಕೆಗಳು ಬರೆದವು. ನಮ್ಮ ಮನೆಯಲ್ಲಿ ಮಾತ್ರ ಅದಕ್ಕೆ ಕಾರಣ ನಾನೆಂದೇ ದಾಖಲಾಗಿದೆ.

ನಮ್ಮ ಬಜೆಟ್ ಕೇಳಿದ ಬ್ರೋಕರು ನಗಲಿಲ್ಲ. ದೊಡ್ಡ ಮನುಷ್ಯ. ‘ಇದೇ ರಸ್ತೆಯಲ್ಲಿ ಇದೆ ಸಾರ್, ಸ್ವಲ್ಪ ಮುಂದೆ’ ಎಂದರು. ಜೋಗುಪಾಳ್ಯದ ಬಗಲಲ್ಲೇ ಹಳೇ ಮದ್ರಾಸು ರಸ್ತೆ ಹಾದುಹೋಗುತ್ತದೆ. ಅದು ಎಷ್ಟು ಉದಾರವಾದ ರಸ್ತೆಯೆಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಟಿನ್ ಫ್ಯಾಕ್ಟರಿ ಬಂತು, ‘ಇನ್ನೂ ಸ್ವಲ್ಪ ಮುಂದೆ’. ಕೆ.ಆರ್. ಪುರದ ತೂಗುಸೇತುವೆ ಬಂತು, ‘ಬಂದೇ ಬಿಡ್ತು’. ಭಟ್ಟರಹಳ್ಳಿ, ಮೇಡಹಳ್ಳಿ ದಾಟಿತು. ಬೂದಿಗೆರೆ ಕ್ರಾಸಿನಲ್ಲಿ ಗಾಡಿ ನಿಲ್ಲಿಸಿ, ಬಾನಿನಲ್ಲಿ ಎದ್ದು ನಿಂತ ಟವರುಗಳನ್ನು ತೋರಿಸಿ, ‘ನೋಡಿ ಸಾರ್, ಹೇಳಿದೆನಲ್ಲ, ಅದೇ ರಸ್ತೆ’ ಎಂದರು. ಸುಳ್ಳಲ್ಲ. ಬ್ರೋಷರಿನಲ್ಲೂ ಹಳೇ ಮದ್ರಾಸು ರಸ್ತೆಯೆಂದೇ ಅಚ್ಚಾಗಿತ್ತು. ಈ ಲೆಕ್ಕದಲ್ಲಿ ಕೋಲಾರವೂ ನಮ್ಮ ಬೀದಿಯೇ.

ಆಮೇಲೆ ನಾನೇ ಮೆಟ್ರೊ ನಕ್ಷೆ ಹಿಡಿದು ಕೂತೆ. ಟ್ರಿನಿಟಿ, ಹಲಸೂರು, ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿ, ಕೆ.ಆರ್. ಪುರ: ನನ್ನ ಸಂಬಳಕ್ಕೆ ಯಾವ ನಿಲ್ದಾಣದಲ್ಲಿ ಇಳಿಯುವ ಯೋಗ್ಯತೆ ಇದೆ ಎಂಬುದೊಂದೇ ಪ್ರಶ್ನೆ. 2023ರಲ್ಲಿ ವೈಟ್‌ಫೀಲ್ಡ್‌ವರೆಗೆ ರೈಲು ಹೋದ ಮೇಲೆ ಆ ಯೋಗ್ಯತೆ ಇನ್ನೆರಡು ನಿಲ್ದಾಣ ಹಿಂದಕ್ಕೆ, ಅಂದರೆ ಮುಂದಕ್ಕೆ, ಸರಿದಿದೆ. ರೈಲು ಬಂದಲ್ಲೆಲ್ಲ ರೇಟೂ ಇಳಿಯುತ್ತದೆ. ಇಳಿಯುತ್ತದೆ ಎಂದರೆ ಸಾಮಾನು ಸಮೇತ ಬಂದಿಳಿಯುತ್ತದೆ. ನಿಲ್ದಾಣದಿಂದ ದೂರ ನೋಡೋಣವೆಂದರೆ ಹೊರಮಾವು, ಕಲ್ಕೆರೆ. ಅಲ್ಲಿ ಎ ಖಾತೆ, ಬಿ ಖಾತೆ, ಇ-ಖಾತೆ, ರೆವಿನ್ಯೂ ಸೈಟು ಎಂಬ ಹೊಸ ಬಾಲಬೋಧೆ. ರಾಜಕಾಲುವೆ ಎಲ್ಲಿದೆ ಎಂದು ಕೇಳಿದರೆ ಬ್ರೋಕರು ಬೇರೆ ಕಡೆ ನೋಡುತ್ತಾರೆ. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಬಡಾವಣೆ ನೀರಲ್ಲಿ ನಿಂತದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ನನ್ನ ಹೆಂಡತಿ ಯಾವ ಮನೆಗೆ ಹೋದರೂ ಮೊದಲು ಗೋಡೆಯ ಬುಡದಲ್ಲಿ ನೀರಿನ ಗೆರೆ ಹುಡುಕುತ್ತಾಳೆ. ಅಡುಗೆಮನೆ ಆಮೇಲೆ.

ಅಂತೂ ಕೊನೆಗೊಂದು ಜೋಗುಪಾಳ್ಯದಲ್ಲೇ ಸಿಕ್ಕಿತು. ಎರಡು ಸ್ಕೂಟರು ಎದುರುಬದುರಾದರೆ ಒಂದು ಯಾರದೋ ಮನೆಯೊಳಗೆ ಹೋಗಿ ದಾರಿ ಬಿಡಬೇಕಾದ ಗಲ್ಲಿ. ಹತ್ತು ಅಡಿ ಅಗಲದ ಮನೆ. ಕೆಳಗೆ ಹಾಲು ಮತ್ತು ಅಡುಗೆ, ಮೇಲೊಂದು ಕೋಣೆ, ಅದರ ಮೇಲೆ ಶೀಟು. ಬ್ರೋಕರು ಮಟಮಟ ಮಧ್ಯಾಹ್ನ ಟ್ಯೂಬ್‌ಲೈಟ್ ಹಾಕಿ, ‘ಗಾಳಿ ಬೆಳಕು ಫಸ್ಟ್‌ಕ್ಲಾಸ್ ಸಾರ್’ ಎಂದರು. ನನಗೆ ಎಲ್ಲವೂ ಒಪ್ಪಿಗೆಯಾಗಿತ್ತು. ಹೆಂಡತಿ ಮಾತ್ರ ಮೆಟ್ಟಿಲಿನ ಮುಂದೆ ನಿಂತುಬಿಟ್ಟಳು.

‘ಬೀರು ತಿರುಗುತ್ತಾ?’

ಬೀರು ಅಂದರೆ ಅವಳ ಅಮ್ಮ ಮದುವೆಗೆ ಕೊಟ್ಟ ಕಬ್ಬಿಣದ ಬೀರು. ಆರೂವರೆ ಅಡಿ ಎತ್ತರ, ಮೂರಡಿ ಅಗಲ, ಒಂದೂವರೆ ಅಡಿ ದಪ್ಪ. ಮೆಟ್ಟಿಲು ಎರಡು ಗೋಡೆಗಳ ನಡುವೆ ಹತ್ತಿ, ಅರ್ಧದಲ್ಲಿ ಕರೆಂಟು ಮೀಟರಿನ ಹತ್ತಿರ ಗಕ್ಕನೆ ಎಡಕ್ಕೆ ತಿರುಗುತ್ತಿತ್ತು. ‘ಮೇಡಂ, ಆನೆ ಬೇಕಾದರೂ ಹೋಗುತ್ತೆ’ ಎಂದರು ಬ್ರೋಕರು. ನಾನು ಟೇಪು ತೆಗೆದೆ. ‘ಟೇಪು ಅಗಲ ಹೇಳುತ್ತೆ, ತಿರುಗೋದು ಹೇಳಲ್ಲ. ರೀ, ನೀವು ಬೀರು ಆಗಿ.’

ಸಂಸಾರದಲ್ಲಿ ಏನೇನೋ ಆಗಿದ್ದೇನೆ, ಬೀರು ಆಗಿರಲಿಲ್ಲ. ದಪ್ಪದ ವಿಷಯದಲ್ಲಿ ನಾನು ಸಹಜವಾಗಿಯೇ ಬೀರುವಿಗೆ ಸರಿಸಮ; ಕೊರತೆ ಇದ್ದದ್ದು ಅಗಲಕ್ಕೆ, ಎತ್ತರಕ್ಕೆ. ಒಂದು ಕಂಕುಳಲ್ಲಿ ಬ್ರೋಕರರ ಹೆಲ್ಮೆಟ್, ಇನ್ನೊಂದರಲ್ಲಿ ಹೆಂಡತಿಯ ಬ್ಯಾಗು ಇರುಕಿಸಿದರು. ನೆತ್ತಿಯ ಮೇಲೆ ನೆಟ್ಟಗೆ ಛತ್ರಿ ಹಿಡಿಸಿದರು. ‘ಮೊಣಕಾಲು ಮಡಚಬೇಡಿ, ಬೀರುಗೆ ಮೊಣಕಾಲಿಲ್ಲ’ ಎಂದಳು. ಹಾಗಾದರೆ ಮೆಟ್ಟಿಲು ಹತ್ತುವುದು ಹೇಗೆ ಎಂದು ಕೇಳಲು ಬಾಯಿ ತೆರೆದೆ. ‘ಬೀರು ಮಾತಾಡಲ್ಲ.’

ಆಗ ಎದುರುಮನೆಯ ಹುಡುಗನೊಬ್ಬ ಒಳಗೆ ಬಂದ. ಟೆಂಪೊದಲ್ಲಿ ಮನೆ ಸಾಮಾನು ಸಾಗಿಸುವವನು; ಕಸುಬು ಬಲ್ಲವನು. ನನ್ನನ್ನು ಒಮ್ಮೆ ಸುತ್ತಿ ಬಂದು, ಗಂಭೀರವಾಗಿ ‘ಕನ್ನಡಿ ಯಾವ ಕಡೆ ಸಾರ್?’ ಎಂದ. ಮುಖದ ಕಡೆ ಎಂದೆ. ‘ಹಂಗಾದ್ರೆ ಹಿಂದು ಮುಂದಾಗಿ ಹೋಗಬೇಕು’ ಎಂದು ನನ್ನನ್ನು ತಿರುಗಿಸಿ, ಹಿಂದಕ್ಕೆ ವಾಲಿಸಿ, ಕಂಕುಳಿಗೆ ಕೈಕೊಟ್ಟು ಮೇಲಕ್ಕೆಳೆದ. ಬ್ರೋಕರು ಕಾಲು ಹಿಡಿದರು. ಕಮಿಷನ್ನಿಗಾಗಿ ಕಾಲು ಹಿಡಿಯುವುದು ಎಂದರೆ ಏನೆಂದು ಆ ಮನುಷ್ಯ ಅಕ್ಷರಶಃ ತೋರಿಸಿದರು. ಗಲ್ಲಿಯ ಜನ ಬಾಗಿಲಲ್ಲಿ ನೆರೆದರು. ‘ರೈಟು, ರೈಟು’ ಎಂದೊಬ್ಬರು, ‘ಕೊಂಜಂ ಲೆಫ್ಟು’ ಎಂದೊಬ್ಬರು, ‘ಅರೆ ಭಾಯ್, ಆಹಿಸ್ತಾ’ ಎಂದು ಮತ್ತೊಬ್ಬರು. ಜೋಗುಪಾಳ್ಯದ ಅಷ್ಟೂ ಭಾಷೆಗಳ ಸಹಕಾರದಿಂದ ನಾನು ಮೀಟರ್ ಬೋರ್ಡ್‌ವರೆಗೆ ಏರಿದೆ. ಅಲ್ಲಿ ಛತ್ರಿಯ ಗುಂಡಿ ಗೋಡೆಗೆ ಒತ್ತಿ, ಛತ್ರಿ ಫಟ್ಟನೆ ಬಿಚ್ಚಿಕೊಂಡಿತು.

ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ‘ಬೀರುಗೆ ಬೀಗ ಹಾಕಿರ್ತೀವಿ, ಹಿಂಗೆ ಬಾಗಿಲು ತೆಗೆಯಲ್ಲ, ನೀವು ಮುಂದುವರಿಸಿ’ ಎಂದು ಕೆಳಗಿನಿಂದ ಹೆಂಡತಿಯ ಸಮಾಧಾನ. ಅಷ್ಟರಲ್ಲಿ ಮೇಲಿನಿಂದ, ಒಗೆದ ಬಟ್ಟೆಯ ಬಕೆಟ್ ಹಿಡಿದು ಮನೆಯ ಅಜ್ಜಿ ಇಳಿದು ಬಂದರು. ಛತ್ರಿ ಸರಿಸಿ ನನ್ನ ಮುಖ ನೋಡಿದರು.

‘ಯಾರಪ್ಪಾ ನೀನು?’

‘ಬೀರು’ ಎಂದೆ.

ಅಜ್ಜಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ‘ಇಲ್ಲಿ ಹೋಗಲ್ಲ. ನಮ್ಮದನ್ನ ಹಗ್ಗ ಕಟ್ಟಿ ಕಿಟಕಿಯಿಂದ ಎತ್ತಿದ್ವಿ’ ಎಂದರು. ಹೆಂಡತಿ ಕಿಟಕಿ ನೋಡಿದಳು, ಬಟ್ಟೆ ಒಣಹಾಕುವ ಹಗ್ಗ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಬೀರುವಿನ ಮೌನವ್ರತ ಮುರಿದು, ಬೇಡ ಎಂದೆ.

ಕೆಳಗೆ ಇಳಿಸಿ, ನೀರು ಕೊಟ್ಟು, ಅಜ್ಜಿ ಮನೆಯ ಕಥೆ ಹೇಳಿದರು. ಮಾವನ ಕಾಲಕ್ಕೆ ಇದು ಮೂವತ್ತಡಿಯ ಜಾಗವಂತೆ, ಹಿತ್ತಲಲ್ಲಿ ನುಗ್ಗೆಮರ. ಮೂವರು ಗಂಡುಮಕ್ಕಳಿಗೆ ತಲಾ ಹತ್ತಡಿ ಬಂತು. ಅಜ್ಜಿಯ ಪಾಲಿನ ಹತ್ತಡಿಯನ್ನು ಅವರ ಇಬ್ಬರು ಗಂಡುಮಕ್ಕಳಿಗೆ ಇನ್ನು ಸೀಳಲಾಗದು. ಐದಡಿಯಲ್ಲಿ ಮನುಷ್ಯ ಮಲಗಬಹುದು, ಹೊರಳಲಾಗದು. ಅದಕ್ಕೇ ಮಾರಾಟ. ರಸ್ತೆಯ ಆಚೆಗಿನ ಮರ್ಫಿ ಟೌನನ್ನು ನೂರು ವರ್ಷದ ಹಿಂದೆ ಕಂಟೋನ್ಮೆಂಟಿನ ಇಂಜಿನಿಯರೊಬ್ಬ ಕೂಲಿಕಾರರಿಗೆಂದೇ ಯೋಜಿಸಿದ. ಇವತ್ತಿಗೂ ಆ ಬಡಾವಣೆಗೆ ಅವನದೇ ಹೆಸರು. ಈಗ ಈ ಭಾಗದಲ್ಲಿ ಯೋಜನೆಯೆಂದರೆ ಕೆಳಗೆ ಕಾಫಿ ಅಂಗಡಿ, ಮೇಲೆ ಪಿ.ಜಿ. ಮಾರಿದವರು ಎಲ್ಲಿಗೆ ಹೋದರೆಂದು ಕೇಳುವ ವ್ಯವಧಾನ ಯಾರಿಗೂ ಇಲ್ಲ. ನನಗೂ ಅಲ್ಲಿಯವರೆಗೆ ಇರಲಿಲ್ಲ. ನಾನು ಬಂದದ್ದು ಬೆಲೆ ಚೌಕಾಸಿ ಮಾಡಲು.

‘ಮಾರಿ ಎಲ್ಲಿಗೆ ಹೋಗ್ತೀರಾ ಅಜ್ಜಿ?’ ಎಂದು ಹೆಂಡತಿ ಕೇಳಿದಳು.

‘ಭಟ್ಟರಹಳ್ಳಿ ಹತ್ರ ಮಗ ಫ್ಲಾಟ್ ನೋಡಿದಾನೆ. ದೂರ ಏನಿಲ್ಲವಂತೆ. ಇದೇ ರಸ್ತೆ, ಸ್ವಲ್ಪ ಮುಂದೆ.’ ಅಜ್ಜಿ ಹಾಗೆ ಹೇಳಿ ಬ್ರೋಕರರ ಮುಖ ನೋಡಿದರು. ಬ್ರೋಕರು ಹೆಲ್ಮೆಟ್ ಒರೆಸುತ್ತಿದ್ದರು. ‘ಸೋಮೇಶ್ವರನ ಪಲ್ಲಕ್ಕಿ ದಿನ ಬಸ್ಸಲ್ಲಿ ಬಂದು ನೋಡ್ಕೊಂಡು ಹೋಗಬೇಕು, ಅಷ್ಟೇ.’

ಯಾರೂ ಮಾತಾಡಲಿಲ್ಲ. ಅಜ್ಜಿಯೇ ಮುಂದುವರಿಸಿದರು: ‘ಅಲ್ಲಿ ಲಿಫ್ಟ್ ಇದೆಯಂತೆ ಕಣಮ್ಮ. ಮೂರನೇ ಮಾಳಿಗೆ. ನಮ್ಮ ಮಂಚ ಹೋಗುತ್ತೋ ಇಲ್ವೋ ಗೊತ್ತಿಲ್ಲ.’

‘ಲಿಫ್ಟ್ ಎಷ್ಟು ಅಗಲ?’ ಎಂದಳು ನನ್ನ ಹೆಂಡತಿ. ಧ್ವನಿಯಲ್ಲಿ ಹೊಸ ಉತ್ಸಾಹ. ‘ಇನ್ನೂ ಫ್ಲಾಟ್ ಖಾಲಿ ಇದೆಯಂತಾ?’

‘ಇವೆಯಂತೆ. ಭಾನುವಾರ ಮಗ ಹೋಗ್ತಾನೆ, ನೀವೂ ಹೋಗಿ’ ಎಂದ ಅಜ್ಜಿ, ನನ್ನನ್ನು ಮೇಲಿನಿಂದ ಕೆಳಗೆ ಅಳೆದರು. ‘ಅಪ್ಪಾ, ನೀನು ಮಲಗಿದರೆ ಎಷ್ಟುದ್ದ ಇರ್ತೀಯ?’