ಖಾಯಂ ವಿಳಾಸ

ಮನೆಯ ಅರ್ಜಿ ಹಿಡಿದು ನಗರಸಭೆಯ ಕೌಂಟರಿನ ಮುಂದೆ ಮೂರನೇ ಸಲ ನಿಂತಿದ್ದ ಮುದುಕನನ್ನು ಗುಮಾಸ್ತರು ತಲೆಯೆತ್ತದೆ ಕೇಳಿದರು: "ಖಾಯಂ ವಿಳಾಸ?"

"ಬಸ್ ಸ್ಟ್ಯಾಂಡು ಸಾರ್. ಮಳೆ ಬಂದ್ರೆ ಬ್ಯಾಂಕಿನ ಮೆಟ್ಲು."

"ಅದು ತಾತ್ಕಾಲಿಕ."

"ಎಷ್ಟೋ ವರ್ಷ ಆಯ್ತು ಸಾರ್."

ಗುಮಾಸ್ತರು ಕೆಟ್ಟವರಲ್ಲ. ಅವರ ನಮೂನೆಯಲ್ಲಿ ಫುಟ್‌ಪಾತಿಗೆ ಕಾಲಂ ಇಲ್ಲ, ಅಷ್ಟೆ. "ನೋಡಜ್ಜ, ಪ್ರಧಾನ ಮಂತ್ರಿ ಆವಾಸ್ ಯೋಜನೆ ಇದೆ. 2015ರಲ್ಲಿ ಶುರುವಾಯ್ತು, 2022ಕ್ಕೆ ಎಲ್ಲರಿಗೂ ಸೂರು ಅಂತ ಗುರಿ. ಸೈಟಿದ್ರೆ ಮನೆ ಕಟ್ಟೋಕೆ ಸಹಾಯಧನ."

"ಸೈಟಿಲ್ಲ. ಈಗ ಯಾವ ಇಸವಿ ಸಾರ್?"

ಗುಮಾಸ್ತರು ಫ್ಯಾನು ನೋಡಿದರು. "ಹಾಗಾದ್ರೆ ಫ್ಲ್ಯಾಟು. ನಿನ್ನ ಪಾಲಿನ ದುಡ್ಡಿಗೆ ಬ್ಯಾಂಕು ಸಾಲ ಕೊಡುತ್ತೆ."

"ಬ್ಯಾಂಕಿನೋರು ಪರಿಚಯ ಸಾರ್. ದಿನಾ ಬೆಳಗ್ಗೆ ನೀರು ಚೆಲ್ಲಿ ಎಬ್ಬಿಸ್ತಾರೆ."

"ಆಶ್ರಯ ಕೇಂದ್ರಕ್ಕೆ ಹೋಗು ಮತ್ತೆ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ 1 ಲಕ್ಷ ಜನಸಂಖ್ಯೆಗೆ 100 ಜನರಿಗಾದ್ರೂ ಜಾಗ, ತಲೆಗೆ 50 ಚದರ ಅಡಿ, ಹಗಲೂ ರಾತ್ರಿ ಅಂತ ಇತ್ತು."

"ಎಲ್ಲಿದೆ ಸಾರ್?"

"ಮಾರ್ಗಸೂಚಿಯಲ್ಲಿ."

ಗುಮಾಸ್ತರಿಗೆ ಇನ್ನೊಂದು ದಾರಿ ಹೊಳೆಯಿತು. "2011ರ ಫೆಬ್ರವರಿ 28ರ ರಾತ್ರಿ ಜನಗಣತಿಗೆ ಮನೆಯಿಲ್ಲದವರನ್ನ ಎಣಿಸಿದ್ರಲ್ಲ, ಲೆಕ್ಕಕ್ಕೆ ಸಿಕ್ಕಿದ್ಯಾ?"

"ಆ ರಾತ್ರಿ ಪೊಲೀಸ್ರು ಓಡಿಸಿದ್ರು ಸಾರ್."

ಹೀಗೆ ಓಡದೆ ಸಿಕ್ಕವರೇ ದೇಶದಲ್ಲಿ 17.7 ಲಕ್ಷ. ಅದೇ ಜನಗಣತಿಯಲ್ಲಿ ನಗರಗಳ ಖಾಲಿ ಮನೆಗಳು 1 ಕೋಟಿ 10 ಲಕ್ಷ! ಅವುಗಳಿಗೆ ವಿಳಾಸದ ತೊಂದರೆ ಇರಲಿಲ್ಲ, ಜನರದ್ದಷ್ಟೇ ಕೊರತೆ.

ಕೊನೆಗೂ ಅರ್ಜಿಗೆ ಠಸ್ಸೆ ಬಿತ್ತು. ಅಜ್ಜ ಕೈಮುಗಿದ.

"ಪರಿಶೀಲನೆಗೆ ಬರ್ತಾರೆ," ಎಂದರು ಗುಮಾಸ್ತರು, "ಮನೇಲೇ ಇರು."